ಪೆನೈನ್ ವೇ: ಶುಲ್ಕವಿಲ್ಲದ ಹಾದಿಯ ಆರ್ಥಿಕ ಪಾಠ

ಉತ್ತರ ಇಂಗ್ಲೆಂಡಿನ ಬೆನ್ನೆಲುಬು ಎಂದು ಕರೆಯಲಾಗುವ ಪೆನೈನ್ ಗುಡ್ಡಸಾಲಿನ ಮೇಲೆ 268 ಮೈಲಿ, ಅಂದರೆ ಸುಮಾರು 431 ಕಿಲೋಮೀಟರ್ ಉದ್ದದ ಕಾಲುದಾರಿಯೊಂದಿದೆ. ಅದರ ಹೆಸರು ಪೆನೈನ್ ವೇ. ಡರ್ಬಿಷೈರ್ ಪ್ರಾಂತದ ಈಡೇಲ್ ಗ್ರಾಮದಲ್ಲಿ ಆರಂಭವಾಗುವ ಈ ಹಾದಿ, ಯಾರ್ಕ್‌ಷೈರಿನ ಕಣಿವೆಗಳನ್ನೂ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯನ್ನೂ ಹಾಯ್ದು, ಸ್ಕಾಟ್ಲೆಂಡ್ ಗಡಿಯಾಚೆಯ ಕರ್ಕ್ ಯೆಥಾಲ್ಮ್ ಎಂಬ ಸಣ್ಣ ಊರಿನಲ್ಲಿ ಮುಗಿಯುತ್ತದೆ. ಪೂರ್ಣವಾಗಿ ನಡೆಯಲು ಎರಡರಿಂದ ಮೂರು ವಾರಗಳು ಬೇಕು. ಹಾದಿಯುದ್ದಕ್ಕೂ ಪ್ರವೇಶದ್ವಾರವಿಲ್ಲ, ಟಿಕೆಟ್ಟೂ ಇಲ್ಲ. ಹೀಗೆ ಒಂದು ಪೆನ್ನಿಯನ್ನೂ ನೇರವಾಗಿ ಗಳಿಸದ ಆಸ್ತಿಯೊಂದು ನೂರಾರು ಸಣ್ಣ ಉದ್ಯಮಗಳಿಗೆ ಆಧಾರವಾಗಿರುವ ಬಗೆ ವಾಣಿಜ್ಯಾಸಕ್ತರ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಹಕ್ಕಿನಿಂದ ಹುಟ್ಟಿದ ಹಾದಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಗುಡ್ಡಗಳ ಬಹುಭಾಗ ಸಾರ್ವಜನಿಕರಿಗೆ ನಿಷಿದ್ಧವಾಗಿತ್ತು. ಭೂಮಾಲೀಕರು ಅವುಗಳನ್ನು ಗ್ರೌಸ್ ಪಕ್ಷಿಗಳ ಬೇಟೆಗಾಗಿ ಕಾಯ್ದಿರಿಸಿದ್ದರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಮುಂತಾದ ಕೈಗಾರಿಕಾ ನಗರಗಳ ನೂರಾರು ಯುವಕರು ಈಡೇಲ್ ಬಳಿಯ ಕಿಂಡರ್ ಸ್ಕೌಟ್ ಬೆಟ್ಟವನ್ನು ನಿಷೇಧ ಮುರಿದು ಏರಿದರು. ಅವರಲ್ಲಿ ಕೆಲವರು ಸೆರೆಮನೆ ಕಂಡರು. 1935ರಲ್ಲಿ ಟಾಮ್ ಸ್ಟೀಫನ್‌ಸನ್ ಎಂಬ ಪತ್ರಕರ್ತರು ‘ಡೈಲಿ ಹೆರಾಲ್ಡ್’ ಪತ್ರಿಕೆಯಲ್ಲಿ, ಅಮೆರಿಕದ ದೀರ್ಘ ಕಾಲುದಾರಿಗಳ ಮಾದರಿಯಲ್ಲಿ ಪೆನೈನ್ ಗುಡ್ಡಗಳ ಮೇಲೂ ಒಂದು ಹಾದಿ ಬೇಕೆಂದು ವಾದಿಸಿದರು. 1949ರ ರಾಷ್ಟ್ರೀಯ ಉದ್ಯಾನಗಳು ಮತ್ತು ಗ್ರಾಮಾಂತರ ಪ್ರವೇಶ ಕಾಯ್ದೆಯು ಇಂತಹ ಹಾದಿಗಳಿಗೆ ಕಾನೂನಿನ ಬಲ ನೀಡಿತು. ಆದರೂ ಹಾದಿಯ ಪ್ರತಿಯೊಂದು ತುಣುಕಿಗೂ ನಡೆಯುವ ಹಕ್ಕನ್ನು ಪಡೆಯುವ ಕಾರ್ಯ ವರ್ಷಗಟ್ಟಲೆ ಹಿಡಿಯಿತು. ಕೊನೆಗೆ 1965ರ ಏಪ್ರಿಲ್ 24ರಂದು, ಕಿಂಡರ್ ಘಟನೆಯ ದಿನಾಂಕದಂದೇ, ಹಾದಿಯ ಉದ್ಘಾಟನೆ ನೆರವೇರಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹಾದಿಯ ಕೆಳಗಿನ ನೆಲ ಬಹುಮಟ್ಟಿಗೆ ಖಾಸಗಿಯವರದು. ಸಾರ್ವಜನಿಕರಿಗೆ ಇರುವುದು ಹಾಯ್ದು ಹೋಗುವ ಹಕ್ಕು ಮಾತ್ರ. ಆ ಹಕ್ಕು ಎಲ್ಲಿಯೂ ತುಂಡಾಗದೆ ಮುಂದುವರಿಯುವುದೇ ಹಾದಿಯ ನಿಜವಾದ ಬಂಡವಾಳ.

ಹಣ ಹರಿಯುವ ಬಗೆ

ಪಾದಚಾರಿ ಹಾದಿಗೆ ಹಣ ಕೊಡುವುದಿಲ್ಲ, ಆದರೆ ಪ್ರತಿ ರಾತ್ರಿ ಎಲ್ಲಾದರೂ ತಂಗಬೇಕು, ಉಣ್ಣಬೇಕು. ಮೋಟಾರು ವಾಹನದಲ್ಲಿ ಬಂದವರು ಒಂದೇ ದಿನದಲ್ಲಿ ಹಲವು ಊರುಗಳನ್ನು ದಾಟಿ ಹೋಗಬಹುದು. ಕಾಲ್ನಡಿಗೆಯವರಿಗೆ ಆ ಅವಕಾಶವಿಲ್ಲ. ಈ ಕಾರಣದಿಂದ ಅವರ ಖರ್ಚು ಹದಿನೈದು ಮೈಲಿಗೊಂದರಂತೆ ಸಣ್ಣ ಊರುಗಳಲ್ಲಿ ಹಂಚಿಹೋಗುತ್ತದೆ. ವೆನ್ಸ್‌ಲಿಡೇಲ್ ಚೀಸ್‌ಗೆ ಹೆಸರಾದ ಹಾಸ್, ಒಮ್ಮೆ ಸೀಸದ ಗಣಿಗಾರಿಕೆಯನ್ನು ನಂಬಿದ್ದ ಮಿಡಲ್ಟನ್-ಇನ್-ಟೀಸ್‌ಡೇಲ್, ಗುಡ್ಡದ ಮೇಲಿನ ಪೇಟೆಯೂರು ಆಲ್ಸ್ಟನ್ ಇವು ಅಂತಹ ಊರುಗಳು. 528 ಮೀಟರ್ ಎತ್ತರದಲ್ಲಿರುವ ಟ್ಯಾನ್ ಹಿಲ್ ಇನ್ ಬ್ರಿಟನ್ನಿನಲ್ಲೇ ಅತಿ ಎತ್ತರದ ಪಾನಗೃಹ. ಹಿಂದೆ ಸುತ್ತಲಿನ ಕಲ್ಲಿದ್ದಲು ಗಣಿಗಳ ಕಾರ್ಮಿಕರು ಅದರ ಗಿರಾಕಿಗಳಾಗಿದ್ದರು. ಗಣಿಗಳು ಮುಚ್ಚಿದ ಮೇಲೆ ಪಾದಚಾರಿಗಳು ಆ ಸ್ಥಾನಕ್ಕೆ ಬಂದರು. ಕುರಿ ಸಾಕುವ ರೈತ ಕುಟುಂಬಗಳು ಮನೆಯ ಕೋಣೆಯೊಂದನ್ನು ಬಾಡಿಗೆಗೆ ಕೊಟ್ಟು ಬೆಳಗಿನ ಉಪಾಹಾರವನ್ನೂ ಒದಗಿಸುತ್ತವೆ. ಒಂದು ತಂಗುದಾಣದಿಂದ ಮತ್ತೊಂದಕ್ಕೆ ಗಂಟುಮೂಟೆ ಸಾಗಿಸುವ ವ್ಯಾನುಗಳದೇ ಪ್ರತ್ಯೇಕ ವ್ಯವಹಾರ.

1968ರಲ್ಲಿ ಈ ಹಾದಿಯ ಕೈಪಿಡಿ ಬರೆದ ಆಲ್ಫ್ರೆಡ್ ವೇನ್‌ರೈಟ್, ಪೂರ್ಣ ನಡೆದು ಬಂದವರಿಗೆ ಕರ್ಕ್ ಯೆಥಾಲ್ಮ್‌ನ ಬಾರ್ಡರ್ ಹೋಟೆಲಿನಲ್ಲಿ ತಮ್ಮ ಖರ್ಚಿನಲ್ಲಿ ಅರ್ಧ ಪೈಂಟ್ ಬಿಯರ್ ದೊರೆಯುವಂತೆ ಏರ್ಪಡಿಸಿದ್ದರು. ಅರ್ಧ ಪೈಂಟ್‌ಗಾಗಿ ಒಳಬಂದ ದಣಿದ ಗಿರಾಕಿ ಊಟವನ್ನೂ ಕೋಣೆಯನ್ನೂ ಕೇಳುವುದು ಸಹಜವೆಂಬುದು ವ್ಯಾಪಾರ ಬಲ್ಲವರಿಗೆ ಹೇಳಬೇಕಾದ ಮಾತಲ್ಲ.

ಸವಕಳಿಯ ಲೆಕ್ಕ

ಯಾವುದೇ ಆಸ್ತಿಗೆ ಸವಕಳಿ ತಪ್ಪದು. ಕಾಲುದಾರಿಯ ಮಟ್ಟಿಗೆ ಈ ಮಾತು ಅಕ್ಷರಶಃ ನಿಜ. ಹಾದಿಯ ದಕ್ಷಿಣ ಭಾಗದ ಗುಡ್ಡಗಳ ಮೇಲೆ ಅರೆಕೊಳೆತ ಸಸ್ಯಗಳಿಂದಾದ ಪೀಟ್ ಎಂಬ ಮೆತ್ತನೆಯ ಜೌಗುಮಣ್ಣಿದೆ. ಸಾವಿರಾರು ಬೂಟುಗಳ ತುಳಿತಕ್ಕೆ ಮೇಲಿನ ಹುಲ್ಲು ಹರಿದು, ಮಣ್ಣು ಕೆಸರಾಯಿತು. ಕೆಸರನ್ನು ತಪ್ಪಿಸಲು ಪಾದಚಾರಿಗಳು ಬದಿಗೆ ಸರಿದಂತೆ ಹಾದಿ ಅಗಲವಾಗುತ್ತ ಹೋಯಿತು, ಹಾನಿಯೂ ಹಬ್ಬಿತು. ಹಾದಿಯ ಜನಪ್ರಿಯತೆಯೇ ಅದಕ್ಕೆ ಕುತ್ತಾಯಿತು.

1990ರ ದಶಕದಲ್ಲಿ ಇದಕ್ಕೆ ದೊಡ್ಡ ಪ್ರಮಾಣದ ಪರಿಹಾರ ರೂಪುಗೊಂಡಿತು. ಉತ್ತರ ಇಂಗ್ಲೆಂಡಿನಲ್ಲಿ ಮುಚ್ಚಿಹೋಗಿದ್ದ ಬಟ್ಟೆ ಗಿರಣಿಗಳ ನೆಲದಿಂದ ಕಿತ್ತ ಚಪ್ಪಡಿ ಕಲ್ಲುಗಳನ್ನು ಕೊಂಡು, ಹೆಲಿಕಾಪ್ಟರುಗಳ ಮೂಲಕ ಗುಡ್ಡಕ್ಕೆ ಸಾಗಿಸಿ, ಜೌಗಿನ ಮೇಲೆ ಸಾಲಾಗಿ ಹಾಸಲಾಯಿತು. ಪಾದಚಾರಿಗಳು ಚಪ್ಪಡಿಯ ಮೇಲೆಯೇ ನಡೆಯತೊಡಗಿದಾಗ ಇಕ್ಕೆಲಗಳಲ್ಲಿ ಹಸುರು ಮರಳಿತು. ಅವಸಾನಗೊಂಡ ಒಂದು ಉದ್ಯಮದ ನೆಲಹಾಸು ಮತ್ತೊಂದು ಉದ್ಯಮದ ತಳಹದಿಯಾಯಿತು. ಗುಡ್ಡದ ಮೇಲೆ ಚಪ್ಪಡಿ ಹಾಸಿದ್ದನ್ನು ಆಕ್ಷೇಪಿಸಿದವರೂ ಇದ್ದರು. ಆದರೆ ನೆಲ ಉಳಿಯಿತೆಂಬುದು ನಿರ್ವಿವಾದ.

ಈ ವೆಚ್ಚವನ್ನು ಭರಿಸಿದ್ದು ಮುಖ್ಯವಾಗಿ ಸಾರ್ವಜನಿಕ ಬೊಕ್ಕಸ. ಹಾದಿಯಿಂದ ಲಾಭ ಪಡೆಯುವ ಹೋಟೆಲು, ಅಂಗಡಿಗಳು ಅದರ ದುರಸ್ತಿಗೆ ನೇರವಾಗಿ ಹಣ ತೆರುವ ಕಡ್ಡಾಯವಿಲ್ಲ. ಇಂದಿಗೂ ಸರ್ಕಾರಿ ಅನುದಾನ, ಸ್ಥಳೀಯ ಆಡಳಿತ ಮತ್ತು ಸ್ವಯಂಸೇವಕರ ಶ್ರಮ ಇವುಗಳ ಮೇಲೆಯೇ ಹಾದಿ ನಿಂತಿದೆ. ಆಯವ್ಯಯ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಇಂತಹ ವೆಚ್ಚಗಳಿಗೇ ಎಂಬುದು ಈ ವ್ಯವಸ್ಥೆಯ ದುರ್ಬಲ ಕೊಂಡಿ.

ಹಾದಿ ಮುಚ್ಚಿದಾಗ

ಲೆಕ್ಕಪುಸ್ತಕದಲ್ಲಿ ಕಾಣಿಸದ ಆಸ್ತಿಯ ಬೆಲೆ 2001ರಲ್ಲಿ ಸ್ಪಷ್ಟವಾಯಿತು. ಆ ವರ್ಷದ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಜಾನುವಾರುಗಳ ಕಾಲುಬಾಯಿ ರೋಗ ಪತ್ತೆಯಾಯಿತು. ಸೋಂಕು ಹರಡದಂತೆ ದೇಶದಾದ್ಯಂತ ಗ್ರಾಮಾಂತರ ಕಾಲುದಾರಿಗಳನ್ನು ಮುಚ್ಚಲಾಯಿತು; ಪೆನೈನ್ ವೇ ಕೂಡ ಅದಕ್ಕೆ ಹೊರತಾಗಲಿಲ್ಲ. ಅರುವತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಲಾಯಿತು. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2002ರಲ್ಲಿ ನೀಡಿದ ಅಂದಾಜಿನಂತೆ, ಸರ್ಕಾರಕ್ಕಾದ ವೆಚ್ಚ 300 ಕೋಟಿ ಪೌಂಡ್‌ಗಿಂತ ಹೆಚ್ಚು, ಖಾಸಗಿ ವಲಯಕ್ಕಾದ ನಷ್ಟ 500 ಕೋಟಿ ಪೌಂಡ್‌ಗಿಂತ ಹೆಚ್ಚು. ಪ್ರವಾಸಿಗರನ್ನು ನಂಬಿದ್ದ ಉದ್ಯಮಗಳು ತೀವ್ರ ಹೊಡೆತ ತಿಂದವು. ಪ್ರಾಣಿಗಳನ್ನು ಕಳೆದುಕೊಂಡ ರೈತರಿಗೆ ಪರಿಹಾರ ದೊರೆಯಿತು. ಆದರೆ ಗಿರಾಕಿಗಳನ್ನು ಕಳೆದುಕೊಂಡ ವಸತಿಗೃಹಗಳಿಗೆ ಅಂತಹ ಪರಿಹಾರದ ಹಕ್ಕಿರಲಿಲ್ಲ. ಸ್ಥಳೀಯ ತೆರಿಗೆಯಲ್ಲಿ ರಿಯಾಯಿತಿಯಂತಹ ಸೀಮಿತ ನೆರವಷ್ಟೇ ಲಭಿಸಿತು.

ಹಾದಿ ತೆರೆದಿರುವಾಗ ಅದನ್ನು ಯಾರೂ ವ್ಯಾಪಾರದ ಭಾಗವೆಂದು ಎಣಿಸುವುದಿಲ್ಲ. ಮುಚ್ಚಿದ ದಿನ ಗಲ್ಲಾಪೆಟ್ಟಿಗೆಯೇ ಅದನ್ನು ನೆನಪಿಸುತ್ತದೆ. ಒಂದು ಉದ್ಯಮದ ಗಳಿಕೆ ತನ್ನ ಅಂಗಡಿಯ ಗೋಡೆಯಾಚೆಗಿನ ಯಾವ ಸಾಮಾನ್ಯ ಆಸ್ತಿಯನ್ನು ನಂಬಿದೆ, ಅದರ ಸವಕಳಿಯನ್ನು ಯಾರು ತುಂಬಿಕೊಡುತ್ತಿದ್ದಾರೆ, ಅವರು ಕೈಬಿಟ್ಟರೆ ಮುಂದೇನು ಎಂಬ ಮೂರು ಪ್ರಶ್ನೆಗಳನ್ನು ವರ್ತಕರು ವರ್ಷಕ್ಕೊಮ್ಮೆ ಲೆಕ್ಕ ಮುಗಿಸುವಾಗಲಾದರೂ ಕೇಳಿಕೊಳ್ಳುವುದು ಹಿತಕರ.