ಎದುರುಗಾಳಿ ಮತ್ತು ಗಾಳಿಮರೆ



ಬೇಸಗೆಯ ಸೂಟಿ ಬಂತೆಂದರೆ ನಮ್ಮ ಶಾಲೆಯ ಅರ್ಧಕ್ಕರ್ಧ ಮಕ್ಕಳು ಊರಿನ ಹಾದಿ ಹಿಡಿಯುವರು. ರೈಲಿನ ಟಿಕೇಟು ದೊರೆಯದವರು ಬಸ್ಸಿಗೆ ಹೋಗುವರು; ಬಸ್ಸಿನ ದರವನ್ನು ಕೇಳಿ ಬೆಚ್ಚಿದ ಕೆಲವರ ತಂದೆಯರು ಮೋಟಾರ್ ಸೈಕಲ್ಲಿನ ಮೇಲೆಯೇ ಹೊರಟುಬಿಡುವರು. ಮುಂಬಯಿಯಿಂದ ಬೆಳಗಾವಿಗೆ ಸುಮಾರು ಐನೂರು ಕಿಲೋಮೀಟರು. ಪುಣೆಯವರೆಗಿನ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವಾದುದರಿಂದ ಪನವೇಲು, ಖೋಪೋಲಿಗಳ ಹಳೆಯ ದಾರಿಯಲ್ಲಿ ಖಂಡಾಳಾ ಘಟ್ಟವನ್ನೇರಿ, ಮುಂದೆ ಸಾತಾರಾ, ಕೊಲ್ಹಾಪುರ, ನಿಪ್ಪಾಣಿಗಳನ್ನು ಹಾದು ಹೋಗಬೇಕು.

ಹಾಗೆ ಬಂದು ಮನೆಯಂಗಳದಲ್ಲಿ ಇಳಿದವನ ಮೋರೆಯನ್ನು ನೀವು ನೋಡಿರಬಹುದು. ಅವನು ನಡೆದಿಲ್ಲ, ಹೊರೆ ಹೊತ್ತಿಲ್ಲ, ಕುಳಿತಲ್ಲಿಯೇ ಕುಳಿತು ಬಂದಿದ್ದಾನೆ. ಆದರೂ ದಿನವಿಡೀ ನೇಗಿಲು ಹಿಡಿದವನಂತೆ ಸೋತಿರುತ್ತಾನೆ. ಹಾಗಾದರೆ ಅವನು ಮಾಡಿದ ದುಡಿಮೆ ಯಾವುದು? ಐನೂರು ಕಿಲೋಮೀಟರಿನುದ್ದಕ್ಕೂ ಅವನು ತನ್ನ ಎದೆಯಿಂದ ಗಾಳಿಯನ್ನು ಸೀಳುತ್ತ ಬಂದಿದ್ದಾನೆ.

ಗಾಳಿಗೆ ತೂಕವಿಲ್ಲವೆಂದು ಎಣಿಸಬೇಡಿರಿ. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರು ಇರುವ ಪೆಟ್ಟಿಗೆಯಲ್ಲಿ ಹಿಡಿಯುವ ಗಾಳಿ ಸುಮಾರು 1.2 ಕಿಲೋಗ್ರಾಂ ತೂಗುತ್ತದೆ. ಈಗ ಲೆಕ್ಕ ಮಾಡೋಣ. ಗಂಟೆಗೆ 72 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 20 ಮೀಟರು. ಸವಾರನ ಎದೆ, ತೋಳು, ತಲೆಗಳ ಎದುರುಭಾಗವನ್ನು 0.4 ಚದರ ಮೀಟರು ಎಂದಿಟ್ಟುಕೊಂಡರೆ, ಪ್ರತಿ ಸೆಕೆಂಡಿಗೂ ಎಂಟು ಘನಮೀಟರು, ಎಂದರೆ ಒಂಬತ್ತೂವರೆ ಕಿಲೋಗ್ರಾಮಿನಷ್ಟು ಗಾಳಿ ಅವನಿಗೆ ಎದುರಾಗುತ್ತದೆ. ಆ ಗಾಳಿಯ ಒತ್ತಡವನ್ನು ಕಂಡುಹಿಡಿಯಲು ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧಮಾಡಬೇಕು. 1.2ನ್ನು 400ರಿಂದ ಗುಣಿಸಿ ಅರ್ಧಮಾಡಿದರೆ ಚದರ ಮೀಟರಿಗೆ 240 ನ್ಯೂಟನ್ನು, 0.4 ಚದರ ಮೀಟರಿಗೆ 96 ನ್ಯೂಟನ್ನು. ನೆಟ್ಟಗೆ ಕುಳಿತ ಮನುಷ್ಯನ ಆಕಾರಕ್ಕೆ ಈ ಲೆಕ್ಕ ಸುಮಾರಾಗಿ ಒಪ್ಪುತ್ತದೆ. ಹತ್ತು ಕಿಲೋಗ್ರಾಂ ಅಕ್ಕಿಯ ಚೀಲವೊಂದು ಸದಾ ಎದೆಯನ್ನು ಹಿಂದಕ್ಕೆ ಎಳೆಯುತ್ತಿದ್ದಂತೆ ಎಂದು ತಿಳಿಯಿರಿ. ಅದನ್ನು ತಾಳಿಕೊಳ್ಳುವವು ಹ್ಯಾಂಡಲು ಹಿಡಿದ ಕೈಗಳು, ಕುತ್ತಿಗೆ ಮತ್ತು ಸೊಂಟ.

ಒತ್ತಡವು ವೇಗದ ವರ್ಗಕ್ಕೆ ಅನುಸಾರವಾಗಿರುವುದೇ ಇಲ್ಲಿಯ ಮುಖ್ಯ ಮಾತು. ಗಂಟೆಗೆ 36 ಕಿಲೋಮೀಟರಿನಲ್ಲಿ ಹೋಗುವವನಿಗೆ ಈ ಭಾರ ಎರಡೂವರೆ ಕಿಲೋಗ್ರಾಮಿಗಿಂತಲೂ ಕಡಿಮೆ. ಅವನಿಗೆ ಗಾಳಿಯೆಂದರೆ ಸುಖ. ವೇಗ ಇಮ್ಮಡಿಸಿದರೆ ಭಾರ ನಾಲ್ಮಡಿ. ಮೂರು ಮಡಿಯಾಗಿ 108 ಕಿಲೋಮೀಟರನ್ನು ಮುಟ್ಟಿದರೆ ಭಾರ ಒಂಬತ್ತು ಮಡಿ, ಎಂದರೆ ಸುಮಾರು 22 ಕಿಲೋಗ್ರಾಂ. ದಾದರದಿಂದ ಮಾಟುಂಗಾಕ್ಕೆ ಹೋಗುವವನಿಗೆ ಬೇಡವಾದ ಗಾಳಿಮರೆ ದೂರದ ಪಯಣಿಗನಿಗೆ ಏಕೆ ಬೇಕೆಂಬುದು ಇದರಿಂದ ತಿಳಿಯುವುದು. ಇಂಗ್ಲಿಷಿನಿಂದ ಬಂದ ವಿಂಡ್‌ಶೀಲ್ಡ್ ಎಂಬ ಹೆಸರಿಗೆ ಬದಲಾಗಿ ಈ ಪಾಠದಲ್ಲಿ ಗಾಳಿಮರೆ ಎಂದೇ ಕರೆಯುತ್ತೇನೆ.

ದಣಿವನ್ನು ತಮಾಷೆಯಾಗಿ ಎಣಿಸಬಾರದೆಂಬುದನ್ನು ನಾನು ನನ್ನದೇ ತಪ್ಪಿನಿಂದ ಕಲಿತೆನು. ಕೆಲವು ವರುಷಗಳ ಹಿಂದೆ ಒಂದು ಜನವರಿಯಲ್ಲಿ ಮಗನನ್ನು ಹಿಂದೆ ಕೂಡಿಸಿಕೊಂಡು ಊರಿಗೆ ಹೊರಟಿದ್ದೆ. ಕೊಲ್ಹಾಪುರವನ್ನು ದಾಟುವಾಗ ಹೊತ್ತು ಮುಳುಗಿತ್ತು. ಹತ್ತು ತಾಸು ಗಾಳಿಯ ಹೊಡೆತ ತಿಂದು ಕಿವಿಯಲ್ಲಿ ಗುಂಯ್ ಎಂಬ ನಾದ ನಿಂತಿತ್ತು, ಕೈ ಮರಗಟ್ಟಿತ್ತು. ಅದು ಕಬ್ಬು ಸಾಗಿಸುವ ಕಾಲ. ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರೊಂದು ಮುಂದೆ ಹೋಗುತ್ತಿದ್ದುದು ಕಣ್ಣಿಗೆ ಬಿದ್ದಿತು, ಆದರೆ ಬ್ರೇಕು ಹಿಡಿಯಬೇಕೆಂಬುದು ಕೈಗೆ ತಲುಪಲು ತಡವಾಯಿತು. ಗಾಡಿ ನಿಂತಾಗ ಕಬ್ಬಿನ ಗರಿ ನನ್ನ ಶಿರಸ್ತ್ರಾಣವನ್ನು ಸವರುತ್ತಿತ್ತು. “ಅಪ್ಪಾ, ನಿಮಗೆ ಅದು ಕಾಣಿಸಲಿಲ್ಲವೇ?” ಎಂದು ಮಗ ಕೇಳಿದ. ಕಂಡಿತ್ತು. ಆ ರಾತ್ರಿ ನಿಪ್ಪಾಣಿಯಲ್ಲಿಯೇ ಉಳಿದೆವು.

ಕಿವಿಯ ನಾದದ ಕಾರಣವೂ ಗಾಳಿಯೇ. ಶಿರಸ್ತ್ರಾಣದ ಕೆಳ ಅಂಚಿನಲ್ಲಿ ಗಾಳಿ ಸುಳಿಸುಳಿಯಾಗಿ ಒಡೆಯುವುದರಿಂದ ಹುಟ್ಟುವ ಸದ್ದು ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಸುಮಾರು 100 ಡೆಸಿಬಲ್ಲನ್ನು ಮುಟ್ಟಬಲ್ಲದು; ಎಂಜಿನಿನ ಸದ್ದು ಅದರಲ್ಲಿ ಮುಳುಗಿಹೋಗುತ್ತದೆ. ಕಾರ್ಖಾನೆಯ ಕೆಲಸಗಾರರಿಗಾಗಿ ತಜ್ಞರು ಹಾಕಿರುವ ಮಿತಿ 85 ಡೆಸಿಬಲ್ಲಿನಲ್ಲಿ ದಿನಕ್ಕೆ ಎಂಟು ತಾಸು. ಪ್ರತಿ 3 ಡೆಸಿಬಲ್ಲಿಗೂ ಆ ಅವಧಿಯನ್ನು ಅರ್ಧಮಾಡಬೇಕು. 100 ಡೆಸಿಬಲ್ಲಿಗೆ ಎಷ್ಟು ಹೊತ್ತು ಉಳಿಯುವುದೆಂದು ನೀವೇ ಲೆಕ್ಕಹಾಕಿ ನೋಡಿರಿ. ಕಾಲು ತಾಸು.

ಚಳಿಯ ಮಾತು ಬೇರೆ. 10 ಡಿಗ್ರಿಯ ಬೆಳಗಿನಲ್ಲಿ ಗಂಟೆಗೆ 60 ಕಿಲೋಮೀಟರಿನ ಗಾಳಿ ಬಡಿದರೆ ಬರಿಯ ಚರ್ಮಕ್ಕೆ ಅದು ಸುಮಾರು 5 ಡಿಗ್ರಿಯಂತೆ ಅನಿಸುತ್ತದೆ. ನಮ್ಮ ಮೈಗೆ ಅಂಟಿಕೊಂಡಿರುವ ಬೆಚ್ಚನೆಯ ಗಾಳಿಯ ಪದರವನ್ನು ಎದುರುಗಾಳಿ ಒರೆಸಿಕೊಂಡು ಹೋಗುವುದೇ ಅದಕ್ಕೆ ಕಾರಣ.

ಮರೆಯನ್ನು ಕಟ್ಟಿದರೆ ಎಲ್ಲವೂ ಸರಿಹೋಗುವುದೆಂದು ನಾನೂ ತಿಳಿದಿದ್ದೆ. ಒಂದು ಗಾಳಿಮರೆಯನ್ನು ಕೊಂಡು ತಂದು ಕೂಡಿಸಿದೆ. ಅದರ ಮೇಲಂಚು ನನ್ನ ಗಂಟಲಿನ ಮಟ್ಟಕ್ಕೆ ಬರುತ್ತಿತ್ತು. ಎದೆಯ ಮೇಲಿನ ಭಾರವೇನೋ ಇಳಿಯಿತು. ಆದರೆ ವೇಗ 70ನ್ನು ದಾಟಿದ ಕೂಡಲೇ ಶಿರಸ್ತ್ರಾಣವನ್ನು ಯಾರೋ ಎರಡೂ ಕೈಗಳಿಂದ ಹಿಡಿದು ಅಲುಗಿಸಿದಂತಾಯಿತು. ಸದ್ದು ಮೊದಲಿಗಿಂತಲೂ ಹೆಚ್ಚಿತು. ಎತ್ತರದಲ್ಲಿ ನನಗಿಂತ ನಾಲ್ಕು ಬೆರಳು ಗಿಡ್ಡನಾದ ಸಹೋದ್ಯೋಗಿಯೊಬ್ಬರು ಅದೇ ಗಾಡಿಯನ್ನು ನಡೆಸಿ, “ಮಾಸ್ತರೇ, ಬಹಳ ಸುಖವಾಗಿದೆಯಲ್ಲ” ಎಂದರು!

ಈ ಸೋಜಿಗವನ್ನು ಬಿಡಿಸಲು ಒಂದು ಪ್ರಯೋಗ ಸಾಕು. ಮನೆಯ ಹಿರಿಯರನ್ನು ಜತೆಗಿಟ್ಟುಕೊಂಡು ಮಾಡಿರಿ. ಮೇಣದ ಬತ್ತಿಯೊಂದನ್ನು ಹೊತ್ತಿಸಿ, ಅದರ ಮುಂದೆ ನಾಲ್ಕು ಬೆರಳು ದೂರದಲ್ಲಿ ಅಂಚೆ ಕಾರ್ಡನ್ನು ನೆಟ್ಟಗೆ ಹಿಡಿಯಿರಿ. ಕಾರ್ಡಿನ ಈಚೆಯಿಂದ ಜೋರಾಗಿ ಊದಿರಿ. ಜ್ವಾಲೆ ನಿಮ್ಮಿಂದ ದೂರಕ್ಕೆ ಬಾಗಬೇಕಲ್ಲವೇ? ಇಲ್ಲ, ಅದು ನಿಮ್ಮ ಕಡೆಗೇ, ಕಾರ್ಡಿನತ್ತಲೇ ಬಾಗುತ್ತದೆ. ಕಾರ್ಡಿನ ಅಂಚನ್ನು ದಾಟಿದ ಗಾಳಿ ಒಮ್ಮೆಲೇ ತಿರುಗಿ ಕೂಡಿಕೊಳ್ಳಲಾರದೆ ಸುಳಿಯಾಗುತ್ತದೆ; ಕಾರ್ಡಿನ ಹಿಂದೆ ಒತ್ತಡ ಕುಗ್ಗಿ ಅಲ್ಲಿಯ ಗಾಳಿ ಹಿಮ್ಮುಖವಾಗಿ ಹರಿಯುತ್ತದೆ. ಈಗ ಕಾರ್ಡಿನ ಬದಲು ದುಂಡಾದ ಸೀಸೆಯನ್ನು ಇಟ್ಟು ಊದಿರಿ. ಗಾಳಿ ಅದರ ಮೈಯನ್ನು ತಬ್ಬಿಕೊಂಡು ಹಿಂದಕ್ಕೆ ಬಂದು ಬತ್ತಿಯನ್ನು ಆರಿಸಿಬಿಡುತ್ತದೆ.

ಗಾಳಿಮರೆಯ ಹಿಂದೆಯೂ ನಡೆಯುವುದು ಇದೇ. ಅಂಚಿನ ಮೇಲಿಂದ ಹಾರಿದ ಗಾಳಿಗೂ ಒಳಗಿನ ನಿಂತ ಗಾಳಿಗೂ ನಡುವೆ ಸುಳಿಗಳ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯೊಳಗೆ ನನ್ನ ತಲೆ ಸಿಕ್ಕಿತ್ತು. ನನ್ನ ಮಿತ್ರರ ತಲೆ ಅದರ ಕೆಳಗಿತ್ತು. ಆದುದರಿಂದ ಸವಾರನಿಗೆ ಎರಡೇ ದಾರಿ. ಮರೆಯ ಅಂಚು ಮೂಗಿನ ಮಟ್ಟಕ್ಕೆ ಬಂದು, ಗಾಳಿ ತಲೆಯನ್ನು ಪೂರ್ತಿಯಾಗಿ ಹಾರಿಹೋಗಬೇಕು. ಇಲ್ಲವೇ ಅಂಚು ಎದೆಯ ಮಟ್ಟಕ್ಕೆ ಇಳಿದು, ಎದೆಗೆ ಮರೆಯೂ ತಲೆಗೆ ಸುಳಿಯಿಲ್ಲದ ಶುದ್ಧಗಾಳಿಯೂ ದೊರೆಯಬೇಕು. ನಡುವಿನದು ಎರಡಕ್ಕೂ ಕೆಟ್ಟದ್ದು. ನಾನು ಸ್ಕ್ರೂಗಳನ್ನು ಬಿಚ್ಚಿ ಮರೆಯನ್ನು ಒಂದು ಗೇಣು ಇಳಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಿದೆ. ತಲೆ ನಿಂತಿತು. ಒಂದು ಕಾಸಿನ ಖರ್ಚೂ ಆಗಲಿಲ್ಲ.

ಎತ್ತರದ ಮರೆಯನ್ನು ಆರಿಸುವವರು ಒಂದನ್ನು ಮರೆಯಬಾರದು: ಮರೆಯ ಮೇಲಿಂದ ನೋಡಬೇಕೇ ಹೊರತು ಅದರ ಮೂಲಕ ಅಲ್ಲ. ಹಗಲಿನಲ್ಲಿ ಚೆನ್ನಾಗಿ ಕಾಣುವ ಗೀರು ಬಿದ್ದ ಹಾಳೆ, ರಾತ್ರಿ ಎದುರಿನ ಲಾರಿಯ ದೀಪ ಬಿದ್ದೊಡನೆ ಬಿಳಿಯ ಗೋಡೆಯಾಗುತ್ತದೆ. ಮಳೆಯಲ್ಲಂತೂ ಹೇಳುವುದೇ ಬೇಡ. ಈ ಹಾಳೆಗಳು ಗಾಜಿನವಲ್ಲ. ಹೆಚ್ಚಾಗಿ ಅಕ್ರಿಲಿಕ್ಕಿನವು ಇಲ್ಲವೇ ಪಾಲಿಕಾರ್ಬನೇಟಿನವು. ಎರಡನೆಯದು ಪೆಟ್ಟಿಗೆ ಸುಲಭವಾಗಿ ಒಡೆಯದು, ಆದರೆ ಬೇಗ ಗೀರುತ್ತದೆ. ಪೆಟ್ರೋಲು ತಾಗಿದರೆ ಕೆಡುತ್ತದೆ. ಒಣಬಟ್ಟೆಯಿಂದ ಧೂಳನ್ನು ಉಜ್ಜದೆ, ಮೊದಲು ನೀರು ಸುರಿದು ನೆನೆಸಿ ಮೆತ್ತಗೆ ಒರೆಸಬೇಕು.

ಗಾಳಿಯನ್ನು ಹೀಗೆ ಪಳಗಿಸುವ ಯತ್ನ ಹೊಸತಲ್ಲ. ಇಟಲಿಯಲ್ಲಿ 1946ರಲ್ಲಿ ಹೊರಬಂದ ವೆಸ್ಪಾ ಸ್ಕೂಟರನ್ನು ರೂಪಿಸಿದ ಕೊರಾಡಿನೊ ದಾಸ್ಕಾನಿಯೊ ವಿಮಾನಶಾಸ್ತ್ರದ ಎಂಜಿನಿಯರರು. ಕಾಲಿನ ಮುಂದಿನ ಅಗಲವಾದ ತಗಡು ಗಾಳಿ, ಕೆಸರುಗಳೆರಡಕ್ಕೂ ಮರೆ. ಜರ್ಮನಿಯ ಬಿ.ಎಂ.ಡಬ್ಲ್ಯೂ. ಕಂಪನಿಯವರು 1976ರ ತಮ್ಮ ಆರ್ 100 ಆರ್‌ಎಸ್ ಗಾಡಿಯ ಮುಂಗವಚವನ್ನು ಇಟಲಿಯ ಪಿನಿನ್‌ಫರೀನಾ ಸಂಸ್ಥೆಯ ಗಾಳಿಸುರಂಗದಲ್ಲಿ ಪರೀಕ್ಷಿಸಿ ತಿದ್ದಿದರು. ನಮ್ಮ ಮೇಣದ ಬತ್ತಿಯ ಪ್ರಯೋಗದ ದೊಡ್ಡಣ್ಣನೆಂದರೆ ಆ ಸುರಂಗವೇ.

ಮರೆಯಿಂದ ತೊಂದರೆಯೂ ಉಂಟು. ಹ್ಯಾಂಡಲಿಗೆ ಕಟ್ಟಿದ ಅಗಲವಾದ ಹಾಳೆ ಹಡಗಿನ ಪಟದಂತೆ. ಘಟ್ಟದ ಕಣಿವೆಯಿಂದ ಅಡ್ಡಗಾಳಿ ನುಗ್ಗಿದಾಗ, ಅಥವಾ ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ, ಅದು ಚಕ್ರವನ್ನೇ ತಿರುವಲು ನೋಡುತ್ತದೆ. ಗಾಡಿಯ ಚೌಕಟ್ಟಿಗೆ ಬಿಗಿದ ಮರೆಯಲ್ಲಿ ಈ ಭಯ ಕಡಿಮೆ. ಇನ್ನು ಮೇ ತಿಂಗಳಿನಲ್ಲಿ ಮುಂಬಯಿಯ ಬೀದಿಗಳಲ್ಲಿ ತೆವಳುವಾಗ ಮರೆಯ ಹಿಂದೆ ಬೆವರು ಆರುವುದೇ ಇಲ್ಲ. ಆದರೆ ಸೊಲ್ಲಾಪುರ, ವಿಜಯಪುರಗಳ ಬಯಲಿನಲ್ಲಿ ಗಾಳಿ 40 ಡಿಗ್ರಿಯನ್ನು ಮೀರಿದಾಗ ಮಾತು ತಿರುಗುತ್ತದೆ: ಅಲ್ಲಿ ಗಾಳಿ ನಮ್ಮ ಚರ್ಮಕ್ಕಿಂತಲೂ ಬಿಸಿ, ಅದು ಮೈಯನ್ನು ಕಾಯಿಸುತ್ತ ನೀರನ್ನು ಹೀರುತ್ತದೆ. ಅಲ್ಲಿ ಮರೆ ಬೇಕು, ನೀರಿನ ಸೀಸೆಯೂ ಬೇಕು. ಶಿರಸ್ತ್ರಾಣವಂತೂ ಎಲ್ಲೆಲ್ಲಿಯೂ ಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ನಾಲ್ಕು ವರುಷ ಮೀರಿದ ಪ್ರತಿಯೊಬ್ಬರಿಗೂ, ಹಿಂದೆ ಕುಳಿತವರಿಗೂ, ಅದು ಕಡ್ಡಾಯ.

ಹಿಂದೆ ಕುಳಿತವರೆಂದರೆ ನೀವೇ. ಮರೆಯನ್ನು ಅಳೆಯುವಾಗ ಎಲ್ಲರೂ ಸವಾರನ ತಲೆಯನ್ನೇ ನೋಡುತ್ತಾರೆ. ಹಿಂದಿನ ಸೀಟು ತುಸು ಎತ್ತರದಲ್ಲಿರುವುದರಿಂದ ತಂದೆಯ ತಲೆಯನ್ನು ಹಾರಿದ ಸುಳಿ ಕೆಲವೊಮ್ಮೆ ನೇರವಾಗಿ ಹಿಂದಿನವರ ಹಣೆಗೆ ಬಡಿಯುತ್ತದೆ. ಮರೆಯನ್ನು ಇಳಿಸಿದ ಮೇಲೆ ನನ್ನ ಮಗನನ್ನು ಕೇಳಿದೆ. ಬೆನ್ನಿಗೆ ಒರಗಿ ಕುಳಿತರೆ ಗಾಳಿಯಿಲ್ಲ, ನೆಟ್ಟಗೆ ಕುಳಿತರೆ ತಲೆ ಅಲುಗುತ್ತದೆ ಎಂದ. ಈ ವರುಷ ಅವನು ಮೂರು ಬೆರಳು ಬೆಳೆದಿದ್ದಾನೆ; ಸೂಟಿಗೆ ಮೊದಲು ಇನ್ನೊಮ್ಮೆ ಸ್ಕ್ರೂ ಬಿಚ್ಚಬೇಕು.