ಮುಖ್ತ್ಯಾರ ಗಣಕಯಂತ್ರ: ಲಿನಕ್ಸ್‌ನಲ್ಲಿ ಸ್ಕ್ವಿಡ್ ಸ್ಥಾಪನೆ

ಊರಲ್ಲಿ ಹೊಲ ಬಿಟ್ಟು ಕಲಂಗುಟ್‌ಗೆ ದುಡಿಯಲು ಬಂದ ನಿಮ್ಮ ಪಾಲಕರಿಗೆ ‘ಮುಖ್ತ್ಯಾರ’ ಎಂಬ ಮಾತು ಹೊಸದಲ್ಲ. ತಾನು ಹೋಗಲಾಗದ ಕಡೆ ಇನ್ನೊಬ್ಬನಿಗೆ ಅಧಿಕಾರಪತ್ರ ಬರೆದುಕೊಟ್ಟರೆ ಅವನ ಸಹಿ ಇವನದೇ ಆಗುತ್ತದೆ. ಇಂಗ್ಲಿಷಿನ ‘ಪ್ರಾಕ್ಸಿ’ಗೂ ಇದೇ ಅರ್ಥ. ಶಾಲೆಯ ಇಪ್ಪತ್ತು ಗಣಕಗಳ ಪರವಾಗಿ ಅಂತರಜಾಲಕ್ಕೆ ಹೋಗಿಬರುವ ಒಂದು ಗಣಕವೇ ಪ್ರಾಕ್ಸಿ ಸರ್ವರ್.

ಲಿನಕ್ಸ್ ನಮ್ಮ ಶಾಲೆಗಳಿಗೆ ಅಪರಿಚಿತವಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಲಿನಕ್ಸನ್ನೇ ಅಂಗೀಕರಿಸಿದ್ದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದರಲ್ಲಿಯೇ ಕಲಿತರು. ಗೋವೆಯಲ್ಲಿಯೂ ಗೋವಾ ಸ್ಕೂಲ್ಸ್ ಕಂಪ್ಯೂಟರ್ಸ್ ಪ್ರಾಜೆಕ್ಟ್ ಬಳಸಿದ ಗಣಕಗಳಿಗೆ ಲಿನಕ್ಸ್ ಹಾಕಿ ಶಾಲೆಗಳಿಗೆ ಕೊಟ್ಟಿತ್ತು.

1996ರಲ್ಲಿ ಹೊರಬಂದ ‘ಸ್ಕ್ವಿಡ್’ ಪ್ರಾಕ್ಸಿ ತಂತ್ರಾಂಶಗಳಲ್ಲಿ ಪ್ರಸಿದ್ಧವಾದುದು, ಬೆಲೆಯಿಲ್ಲ. (ಹೆಸರು ಕೇಳಿ ನಗಬೇಡಿ, ಇಲ್ಲಿಯ ಮೀನುಪೇಟೆಯ ಮಾಣಕಿ, ಮಂಗಳೂರಿನ ಬೊಂಡಾಸ್ ಅದೇ.) ಉಬುಂಟು ಅಥವಾ ಡೆಬಿಯನ್ ಇದ್ದರೆ ‘ಸುಡೋ ಆಪ್ಟ್ ಇನ್‌ಸ್ಟಾಲ್ ಸ್ಕ್ವಿಡ್’ ಎಂಬ ಒಂದೇ ಆಜ್ಞೆ ಸಾಕು, ಅದನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬೆರಳಚ್ಚಿಸಬೇಕು.

ಕಷ್ಟವಿರುವುದು ‘ಸ್ಕ್ವಿಡ್ ಡಾಟ್ ಕಾನ್ಫ್’ ಎಂಬ ನಿಯಮಗಳ ಕಡತದಲ್ಲಿ. ಮೊದಲು ಅದರ ನಕಲು ತೆಗೆದಿಡಿ. ‘ಎಸಿಎಲ್ ಸ್ಕೂಲ್ ಎಸ್‌ಆರ್‌ಸಿ 192.168.1.0/24’ ಎಂಬ ಸಾಲು ಶಾಲೆಯ ಗಣಕಗಳನ್ನು ಹೆಸರಿಸುತ್ತದೆ; ‘ಎಚ್‌ಟಿಟಿಪಿ_ಅಕ್ಸೆಸ್ ಅಲೌ ಸ್ಕೂಲ್’ ಎಂಬುದು ಅವುಗಳಿಗೆ ಅಪ್ಪಣೆ. ಸ್ಕ್ವಿಡ್ ಅಪ್ಪಣೆಗಳನ್ನು ಮೇಲಿನಿಂದ ಓದುತ್ತ ಬಂದು, ಮೊದಲು ಹೊಂದಿದ್ದನ್ನೇ ಪಾಲಿಸುತ್ತದೆ, ಮುಂದಿನದನ್ನು ನೋಡುವುದಿಲ್ಲ. ಆದುದರಿಂದ ನಮ್ಮ ಸಾಲು ‘ಡಿನೈ ಆಲ್’ ಎಂಬ ನಿರಾಕರಣೆಯ ಮೇಲೆಯೇ ಬರಬೇಕು. ಹೊಸಬರು ಕೊನೆಗೆ ಬರೆದು, ಬಾಗಿಲು ತೆರೆಯದೆ ಬೇಸತ್ತು, ‘ಅಲೌ ಆಲ್’ ಎಂದುಬಿಡುತ್ತಾರೆ. ಅದು ಖಾಲಿ ಕಾಗದಕ್ಕೆ ಸಹಿ ಹಾಕಿಕೊಟ್ಟಂತೆ! ಆ ಗಣಕ ಹೊರಜಾಲಕ್ಕೂ ತೆರೆದಿದ್ದರೆ ಯಾರೋ ಮಾಡಿದ ಮೋಸಕ್ಕೆ ಶಾಲೆಯ ವಿಳಾಸ ಸಿಕ್ಕಿಬೀಳುತ್ತದೆ.

‘ಸುಡೋ ಸ್ಕ್ವಿಡ್ -ಕೆ ಪಾರ್ಸ್’ ಎಂದರೆ ಬರೆದುದರಲ್ಲಿನ ದೋಷ ತಿಳಿಯುತ್ತದೆ. ಬಳಿಕ ‘ಸುಡೋ ಸಿಸ್ಟಮ್‌ಸಿಟಿಎಲ್ ರಿಸ್ಟಾರ್ಟ್ ಸ್ಕ್ವಿಡ್’ ಎಂದು ಮತ್ತೆ ಚಾಲೂ ಮಾಡಿ, ಉಳಿದ ಗಣಕಗಳ ಬ್ರೌಸರಿನಲ್ಲಿ ಇದರ ವಿಳಾಸವನ್ನೂ 3128 ಎಂಬ ಪೋರ್ಟ್ ಸಂಖ್ಯೆಯನ್ನೂ ನಮೂದಿಸಿದರೆ ಆಯಿತು.

ಒಬ್ಬನು ತರಿಸಿದ ಪುಟದ ಪ್ರತಿಯನ್ನು ಕೂಡಿಟ್ಟು ಇನ್ನೊಬ್ಬನಿಗೆ ಕೊಡುವುದು ಹಿಂದೆ ಇದರ ದೊಡ್ಡ ಉಪಕಾರವಾಗಿತ್ತು. ಇಂದು ಬಹುತೇಕ ತಾಣಗಳು ಗುಪ್ತಲಿಪಿಯಲ್ಲಿ ಮಾತನಾಡುವುದರಿಂದ ಆ ಉಳಿತಾಯ ಕಡಿಮೆಯಾಗಿದೆ. ಸಾಮಾನ್ಯವಾಗಿ ಸ್ಕ್ವಿಡ್‌ಗೆ ಅಂಥ ತಾಣದ ಹೆಸರು ತಿಳಿಯುತ್ತದೆ, ಪುಟ ಕಾಣುವುದಿಲ್ಲ.

‘ನಮ್ಮ ಹುಡುಗ ಏನು ನೋಡಿದ, ತೋರಿಸಿರಿ ಗುರುಗಳೇ’ ಎಂದು ಪಾಲಕರು ಕೇಳುವುದುಂಟು. ‘ಅಕ್ಸೆಸ್ ಡಾಟ್ ಲಾಗ್’ ಎಂಬ ದಾಖಲೆಯಲ್ಲಿರುವುದು ಗಣಕದ ವಿಳಾಸವೇ ಹೊರತು ಮಗುವಿನ ಹೆಸರಲ್ಲ. ಒಂದು ಗಣಕದ ಮುಂದೆ ದಿನಕ್ಕೆ ಎಷ್ಟೋ ಮಕ್ಕಳು ಕೂರುತ್ತಾರೆ. ಇಂಥ ದಾಖಲೆ ಇದೆಯೆಂದು ಮಕ್ಕಳಿಗೆ ಮೊದಲೇ ಹೇಳುವುದು ನ್ಯಾಯವೆಂದು ನನ್ನ ಮತ. ಅದರ ಮೊದಲ ಅಂಕಣದ ಉದ್ದ ಸಂಖ್ಯೆ ಕಂಡು ಬೆಚ್ಚಬೇಡಿರಿ: 1970ರ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡುಗಳು ಅವು, ನಮ್ಮ ಗಡಿಯಾರಕ್ಕೆ ತರಲು ಐದೂವರೆ ಗಂಟೆ ಕೂಡಿಸಬೇಕು.