ಗೇರ್ ಎಣ್ಣೆ ಬೆಳ್ಳಗಾದರೆ

ಹುಲ್ಲು ತರಲು, ಮೇವು ಕತ್ತರಿಸಲು ಹಳೆಯ ಸಣ್ಣ ಟ್ರಾಕ್ಟರ್ ಬಳಸುವ ಸಹೋದರಿಯರೇ, ಮಳೆಗಾಲ ಮುಗಿದ ಮೇಲೆ ಗೇರ್‌ಬಾಕ್ಸಿನ ಅಳತೆ ಕಡ್ಡಿ ಎಳೆದು ನೋಡಿ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಹಾಲಿನ ನೀರು ಹಿಡಿಯಲು ಲ್ಯಾಕ್ಟೋಮೀಟರ್ ಬೇಕು, ಇಲ್ಲಿ ಕಣ್ಣೇ ಸಾಕು. ಹಾಗೆಯೇ ಓಡಿಸಿದರೆ ಹಲ್ಲುಚಕ್ರ, ಬೇರಿಂಗ್ ಬೇಗ ಸವೆಯುತ್ತವೆ, ತುಕ್ಕೂ ಹಿಡಿಯುತ್ತದೆ.

ಗೇರ್ ಲಿವರ್ ಬುಡದ ರಬ್ಬರ್ ಹರಿದಿದೆಯೇ ನೋಡಿ. ಹರಿದಿದ್ದರೆ ಮೊದಲು ಅದನ್ನು ಬದಲಿಸಿ, ಇಲ್ಲವಾದರೆ ಹೊಸ ಎಣ್ಣೆಯೂ ಹಾಳು.

ಸ್ವಲ್ಪ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೀಲಿ ತೆಗೆದಿಟ್ಟುಕೊಂಡು ಕೆಳಗಿನ ಪ್ಲಗ್ ಬಿಚ್ಚಿ. ಪ್ಲಗ್‌ನಲ್ಲಿ ಅಯಸ್ಕಾಂತವಿದ್ದು ಅದಕ್ಕೆ ಬೂದು ಬಣ್ಣದ ನುಣುಪು ಕೆಸರು ಅಂಟಿದ್ದರೆ ಹೆದರಬೇಡಿ, ಅದು ಸಹಜ ಸವಕಳಿ. ಕಬ್ಬಿಣದ ಚೂರು ಕಂಡರೆ ಮಾತ್ರ ಗಾಡಿ ಓಡಿಸದೆ ಮೆಕ್ಯಾನಿಕ್ ಕರೆಸಿ. ಹೊಸ ಎಣ್ಣೆ ಕೈಪಿಡಿಯಲ್ಲಿ ಹೇಳಿದ ದರ್ಜೆಯದೇ ಇರಲಿ. ಹಲವು ಟ್ರಾಕ್ಟರ್‌ಗಳಲ್ಲಿ ಹೈಡ್ರಾಲಿಕ್ ಲಿಫ್ಟ್ ಕೂಡ ಇದೇ ಎಣ್ಣೆಯಿಂದ ನಡೆಯುತ್ತದೆ. ಕೆಲವು ದಿನ ದುಡಿಸಿ ಮತ್ತೆ ನೋಡಿ. ಪುನಃ ಬೆಳ್ಳಗಾಗಿದ್ದರೆ ಇನ್ನೊಮ್ಮೆ ಬದಲಿಸಬೇಕು.

ತೆಗೆದ ಎಣ್ಣೆಯನ್ನು ಉಣ್ಣೆ ಸಾಯಲೆಂದು ಹಸುವಿನ ಮೈಗೆ ಹಚ್ಚುವವರಿದ್ದಾರೆ. ಖಂಡಿತ ಬೇಡ, ಹಸು ಮೈ ನೆಕ್ಕಿಕೊಂಡರೆ ಅದು ಹೊಟ್ಟೆಗೇ ಹೋಗುತ್ತದೆ. ಹಳೆಯ ಎಣ್ಣೆ ಡಬ್ಬಿಗೇ ತುಂಬಿ (ಹಾಲಿನ ಕ್ಯಾನಿಗಲ್ಲ!) ಗ್ಯಾರೇಜಿಗೆ ಕೊಡಿ.